ಮೂರನೆಯವರಿಗೆ ಆರನೆಯವರು

ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಕಾಫಿಗೆ ಅಲೈಡಾಳ ಮನೆಗೆ ಬಂದ ಎದುರುಮನೆಯ ಫ್ರೌಕ್ಯೆ, ಹೇಳಬಾರದ ಮಾತೊಂದನ್ನು ಹೇಳಿಬಿಟ್ಟಳು. ಸಿಂಟರ್‌ಕ್ಲಾಸ್ ಹಬ್ಬದ ಚೀಟಿಯಲ್ಲಿ ಅವಳಿಗೆ ಬಂದಿದ್ದು ಅವಳ ಮಾವನ ಹೆಸರು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೆ," ಎಂದಳು. "ಆ ಮನುಷ್ಯನ ಮೇಲೆ ಪದ್ಯ ಬರೆಯೋದೂ ಒಂದೇ, ಬಚ್ಚಲು ಗೋಡೆ ಮೇಲೆ ಬರೆಯೋದೂ ಒಂದೇ. ವರ್ಷಕ್ಕೆ ನಾಲ್ಕು ಮಾತಾಡ್ತಾರೆ, ಅದ್ರಲ್ಲಿ ಮೂರು ಹವಾಮಾನದ್ದು."

ಬೇರೆ ದಿನವಾಗಿದ್ದರೆ ಅಲೈಡಾ ನಕ್ಕುಬಿಡುತ್ತಿದ್ದಳು. ಯಾರಿಗೆ ಯಾರು ಬಂದರು ಎನ್ನುವುದನ್ನು ಡಿಸೆಂಬರ್ ಐದರ ಸಂಜೆಯವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಚೀಟಿಯಲ್ಲಿ ಬಂದವರಿಗೆ ಒಂದು ಉಡುಗೊರೆ, ಜೊತೆಗೆ ಅವರ ಕಾಲೆಳೆಯುವ ಒಂದು ಪದ್ಯ, ಕೆಳಗೆ ಸಹಿ ಮಾತ್ರ ಉಡುಗೊರೆ ತರುವ ಸಂತ ಸಿಂಟರ್‌ಕ್ಲಾಸ್‌ನದು. ಫ್ರೌಕ್ಯೆಯ ಹೊಟ್ಟೆಯಲ್ಲಿ ಗುಟ್ಟು ಮೂರು ದಿನ ನಿಂತಿದ್ದನ್ನು ಕಾಂಪೆನ್ ಊರಿನಲ್ಲಿ ಯಾರೂ ಕಂಡಿಲ್ಲ. ಆದರೆ ಅಲೈಡಾಳ ಕಿವಿಗೆ ಬಿದ್ದಿದ್ದು ಗುಟ್ಟಲ್ಲ, ಅದರ ಹಿಂದಿನ ಲೆಕ್ಕ. ನಿನ್ನೆ ತಾನೇ ಅವರ ಮನೆಗೆ ಕಂಪ್ಯೂಟರನ್ನು ತರಕಾರಿ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ, ಅವರ ಟಿವಿಗೆ ಸಿಕ್ಕಿಸಿ, ಚೀಟಿ ಎತ್ತಲೆಂದು ಏಳು ಜನರ ಹೆಸರನ್ನು ತಾನೇ ಟೈಪ್ ಮಾಡಿದ್ದಳು. ಫ್ರೌಕ್ಯೆ ಮೂರನೆಯವಳು. ಮಾವ ಆರನೆಯವರು.

ಭಾನುವಾರ ತನ್ನ ಮನೆಯಲ್ಲೂ ಏಳು ಜನ. ತಾನೇ ಮೂರನೆಯವಳು. ತನಗೆ ಬಂದಿದ್ದು ಮೈದುನ ವೋಲ್ಟರ್. ವೋಲ್ಟರ್ ಆರನೆಯವನು.

ಕಾಕತಾಳೀಯ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಫ್ರೌಕ್ಯೆ ಇನ್ನೊಂದು ಬಿಸ್ಕತ್ತಿಗಾಗಿ ಡಬ್ಬಿಯ ಕಡೆ ನೋಡುತ್ತಿದ್ದಳು. ಅಲೈಡಾಳಿಗೆ ಅದೂ ಕಾಣಲಿಲ್ಲ.

ಎಂಬತ್ತನಾಲ್ಕನೇ ಇಸವಿಯ ನವೆಂಬರ್ ಅದು. ಬುಧವಾರ ಸಂಜೆ ಐದೂ ನಲವತ್ತಕ್ಕೆ ರೇಡಿಯೋದಲ್ಲಿ ಮನೆ ಕಂಪ್ಯೂಟರಿನವರಿಗೆಂದೇ ಒಂದು ಕಾರ್ಯಕ್ರಮ ಬರುತ್ತಿತ್ತು. ಅದರ ಕೊನೆಗೆ ಒಂದು ಇಡೀ ಪ್ರೋಗ್ರಾಮನ್ನು ಶಬ್ದವಾಗಿ ಗಾಳಿಗೆ ಬಿಡುತ್ತಿದ್ದರು. ಗೊತ್ತಿಲ್ಲದವರಿಗೆ ಅದು ತಗಡು ಉಜ್ಜಿದ ಕಿರಿಚಾಟ. ಗೊತ್ತಿದ್ದವರು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ತಮ್ಮ ಕಂಪ್ಯೂಟರಿಗೆ ಕೇಳಿಸುತ್ತಿದ್ದರು. ಯಾವ ಕಂಪನಿಯದಾದರೂ ಸರಿ, ಎಲ್ಲಕ್ಕೂ ಅರ್ಥವಾಗುವ ಸರಳ ಆಜ್ಞೆಗಳಲ್ಲೇ ಬರೆಯಬೇಕು ಅನ್ನುವುದು ನಿಯಮ. ಇವತ್ತಿನ ಬುಧವಾರ ಅಲೈಡಾಳದು. ಚೀಟಿ ಎತ್ತುವ ಪ್ರೋಗ್ರಾಂ. ಟೋಪಿಯಲ್ಲಿ ಕಾಗದದ ಚೂರು ಹಾಕಿ ಎತ್ತಿದರೆ ಯಾರಾದರೊಬ್ಬರು ತಮ್ಮ ಹೆಸರನ್ನೇ ಎತ್ತುತ್ತಾರೆ, ಎಲ್ಲ ಮೊದಲಿನಿಂದ ಶುರು. ಇದರಲ್ಲಿ ಆ ತಾಪತ್ರಯವಿಲ್ಲ. ಒಬ್ಬೊಬ್ಬರೇ ಟಿವಿಯ ಮುಂದೆ ಕೂತು ತಮ್ಮ ಅಂಕಿ ಒತ್ತಬೇಕು, ಹೆಸರು ನೋಡಬೇಕು, ಅಳಿಸಬೇಕು, ಎದ್ದು ಹೋಗಬೇಕು.

ಎಂಟು ತಿಂಗಳ ಕೆಲಸ ಅದು. ಊರಿನ ಕಂಪ್ಯೂಟರ್ ಸಂಘದಲ್ಲಿ ಇಪ್ಪತ್ತಮೂರು ಗಂಡಸರು, ಒಬ್ಬಳು ಅಲೈಡಾ. ಅವರು ಅದಕ್ಕೆ ಅಡುಗೆಮನೆ ಪ್ರೋಗ್ರಾಂ ಎಂದು ಹೆಸರಿಟ್ಟಿದ್ದರು. ಅವರ ಯಾವ ಪ್ರೋಗ್ರಾಮನ್ನೂ ರೇಡಿಯೋದವರು ಇದುವರೆಗೆ ತೆಗೆದುಕೊಂಡಿರಲಿಲ್ಲ. ಹೋದ ವಾರ ರೇಡಿಯೋ ನಿರೂಪಕರ ಬಾಯಿಂದ ತನ್ನ ಹೆಸರು ಬರುವುದನ್ನು ಕಲ್ಪಿಸಿಕೊಂಡು ಅವಳು ತಾನು ಕೆಲಸ ಮಾಡುವ ಲೈಬ್ರರಿಯಲ್ಲಿ ಇಬ್ಬರಿಗೆ ತಪ್ಪು ಪುಸ್ತಕ ಕೊಟ್ಟಿದ್ದಳು.

ಫ್ರೌಕ್ಯೆಯನ್ನು ಹೇಗೆ ಸಾಗಹಾಕಿದಳೋ ಅವಳಿಗೇ ನೆನಪಿಲ್ಲ. ಬಾಗಿಲು ಹಾಕಿದವಳೇ ಕಂಪ್ಯೂಟರಿನ ಮುಂದೆ ಕೂತಳು. ನಿಜವಾಗಿ ಪರೀಕ್ಷೆ ಮಾಡಬೇಕೆಂದರೆ ಭಾನುವಾರ ಹಜಾರದ ಟಿವಿಗೆ ಸಾಗಿಸಿದಾಗಲೂ ಮಂಗಳವಾರ ಎದುರುಮನೆಗೆ ಒಯ್ದಾಗಲೂ ಮಾಡಿದ್ದನ್ನೇ ಮಾಡಬೇಕು: ಯಂತ್ರವನ್ನು ಆರಿಸಿ, ಮತ್ತೆ ಹಾಕಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮನ್ನು ಹೊಸದಾಗಿ ತುಂಬಿಸಬೇಕು. ಅದಕ್ಕೆ ಏಳು ನಿಮಿಷ. ಎಂಟು ತಿಂಗಳಿನಲ್ಲಿ ಅವಳು ಯಂತ್ರ ಆರಿಸಿದ್ದು ಬೆರಳೆಣಿಕೆಯಷ್ಟೇ ಸಲ. ಮಾರ್ಚ್‌ನಲ್ಲಿ ಒಮ್ಮೆ ಆರಿಸಿದಾಗ ಕ್ಯಾಸೆಟ್ ಕೈಕೊಟ್ಟು ಮೂರು ವಾರದ ಕೆಲಸ ನೀರುಪಾಲಾಗಿತ್ತು. ಆವತ್ತಿನಿಂದ ಹಗಲೂ ರಾತ್ರಿ ಅದು ಉರಿಯುತ್ತಲೇ ಇತ್ತು. ಕರೆಂಟಿನ ಮೀಟರ್ ಓದುವವನು ಬಂದಾಗಲೆಲ್ಲ ಗಂಡ ಹಾರ್ಮೆನ್ ನಿಟ್ಟುಸಿರು ಬಿಡುತ್ತಿದ್ದ.

ಆರಿಸಿದಳು. ಹಾಕಿದಳು. ಏಳು ನಿಮಿಷ ಕಾದಳು. ಹೆಸರುಗಳ ಜಾಗದಲ್ಲಿ ಒಂದರಿಂದ ಏಳರವರೆಗೆ ಅಂಕಿಗಳನ್ನೇ ಕೊಟ್ಟಳು. ಮೂರನ್ನು ಒತ್ತಿದಳು.

ಆರು.

ಮತ್ತೆ ಆರಿಸಿದಳು, ಮತ್ತೆ ಏಳು ನಿಮಿಷ. ಈ ಸಲ ಏಳೂ ಜನರ ಫಲವನ್ನು ಕಾಗದದಲ್ಲಿ ಬರೆದುಕೊಂಡಳು. ಮೂರನೇ ಸಲವೂ ಅದೇ ಸಾಲು, ಅದೇ ಕ್ರಮ, ಒಂದು ಅಂಕಿಯೂ ಆಚೀಚೆಯಿಲ್ಲ. ಆರಿಸದೆ ಹಾಗೇ ಇನ್ನೊಮ್ಮೆ ಓಡಿಸಿದರೆ ಮಾತ್ರ ಬೇರೆ ಬಂತು. ಆಗ ಅರ್ಥವಾಯಿತು. ಯಂತ್ರ ತನ್ನಷ್ಟಕ್ಕೆ ಯಾವ ಅಂಕಿಯನ್ನೂ ಆಯ್ದುಕೊಳ್ಳುವುದಿಲ್ಲ. ಅದರೊಳಗೆ ಕಲಸಿಟ್ಟ ಅಂಕಿಗಳ ಉದ್ದನೆಯ ಪಟ್ಟಿಯೊಂದಿದೆ, ಕೇಳಿದಾಗಲೆಲ್ಲ ಒಂದೊಂದನ್ನೇ ಕೊಡುತ್ತದೆ. ಆರಿಸಿ ಹಾಕಿದರೆ ಪಟ್ಟಿಯ ತಲೆಯಿಂದ ಮತ್ತೆ ಶುರು. ಎಂಟು ತಿಂಗಳು ಅವಳು ಪಟ್ಟಿಯ ಮಧ್ಯದಲ್ಲೆಲ್ಲೋ ಓಡಾಡಿಕೊಂಡು, ಪ್ರತಿಸಲ ಹೊಸ ಫಲ ಬಂದಿದ್ದನ್ನು ನೋಡಿ ಖುಷಿಪಟ್ಟಿದ್ದಳು. ದೇಶದ ಜನ ಹಾಗಲ್ಲವಲ್ಲ. ಅವರು ಸಂಜೆ ಯಂತ್ರ ಹಾಕುತ್ತಾರೆ, ಚೀಟಿ ಎತ್ತುತ್ತಾರೆ, ಆರಿಸಿ ಮಲಗುತ್ತಾರೆ. ಒಂದೇ ಕಂಪನಿಯ ಯಂತ್ರವಿರುವ ಏಳು ಜನರ ಮನೆಗಳಲ್ಲೆಲ್ಲ ಮೂರನೆಯವರಿಗೆ ಆರನೆಯವರೇ. ಈ ವರ್ಷ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಒಂದು ಪಟ್ಟಿ ಕೈಗೆ ಸಿಕ್ಕರೆ ಸಾಕು, ಊರಿಗೆ ಊರೇ ಗುಟ್ಟು ಬಯಲು. ಅದಕ್ಕೆ ಮೊದಲು ಸ್ಪಷ್ಟ ಉಚ್ಚಾರದಲ್ಲಿ ರೇಡಿಯೋದವರು ಅವಳ ಹೆಸರನ್ನೂ ಊರನ್ನೂ ಹೇಳಿರುತ್ತಾರೆ.

ಹನ್ನೊಂದು ಗಂಟೆಗೆ ರೇಡಿಯೋ ಕಚೇರಿಗೆ ಫೋನ್ ಮಾಡಿದಳು. ಕಾರ್ಯಕ್ರಮ ನೋಡಿಕೊಳ್ಳುವ ಟೆಂಗ್ನಾಗೆಲ್ ಎಂಬವರು ಎರಡು ಗಂಟೆಗೆ ಬರುತ್ತಾರಂತೆ. ಅಂದರೆ ಮೂರು ಗಂಟೆ ಕಾಲಾವಕಾಶ. ಆ ಹೊತ್ತಿಗೆ ಬರೀ ತಪ್ಪನ್ನು ಹಿಡಿದುಕೊಂಡು ಅವರ ಮುಂದೆ ನಿಲ್ಲುವುದು ಬೇಡ, ಪರಿಹಾರವನ್ನೂ ಹಿಡಿದಿರಬೇಕು.

ಮೊದಲು ಹೊಳೆದಿದ್ದು ಹೆಸರುಗಳ ಅಕ್ಷರ ಎಣಿಸುವುದು. ಎಲ್ಲರ ಹೆಸರಿನಲ್ಲೂ ಎಷ್ಟು ಅಕ್ಷರವೋ ಅಷ್ಟು ಅಂಕಿಗಳನ್ನು ಪಟ್ಟಿಯಿಂದ ಎಸೆದು, ಆಮೇಲೆ ಶುರುಮಾಡುವುದು. ಬರೆದು ಓಡಿಸಿದಳು. ಕೆಲಸ ಮಾಡಿತು. ಸಂತೋಷ ಐದು ನಿಮಿಷ ಉಳಿಯಿತು, ಅದೇ ಮನೆ, ಅದೇ ಹೆಸರು, ಮುಂದಿನ ವರ್ಷ ಮತ್ತೆ ಅದೇ ಫಲ ಎಂದು ಹೊಳೆಯುವವರೆಗೆ. ಆಮೇಲೆ ತಾರೀಖು ಕೇಳುವುದನ್ನು ಯೋಚಿಸಿದಳು. ದೇಶದಲ್ಲಿ ಅರ್ಧ ಜನ ಬರುವ ಭಾನುವಾರವೇ ಚೀಟಿ ಎತ್ತುತ್ತಾರೆ, ತಾರೀಖು ಎಲ್ಲರಿಗೂ ಒಂದೇ. ತನ್ನ ಯಂತ್ರದಲ್ಲಿ ಗಡಿಯಾರವೊಂದಿತ್ತು, ಅದನ್ನು ಬಳಸೋಣವೆಂದರೆ ಅದು ಎಲ್ಲ ಕಂಪನಿಯ ಯಂತ್ರಗಳಲ್ಲೂ ಇಲ್ಲ, ನಿಯಮಕ್ಕೆ ಹೊರಗು. ಕಾಗದದ ಮೇಲೆ ಒಂದೊಂದನ್ನೇ ಹೊಡೆದುಹಾಕುತ್ತಾ ಹೋದಳು. ಹೆದರಿಕೆ ಯಾವಾಗ ಹೋಯಿತೋ, ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು. ಕುರ್ಚಿಯ ತುದಿಗೆ ಸರಿದು ಕೂತು ಇನ್ನೊಂದು ಕಾಗದ ಎಳೆದುಕೊಂಡಳು.

ಹನ್ನೆರಡೂವರೆಗೆ ಅತ್ತೆ ಗೆಸೀನಾ ಬಂದರು. ಬುಧವಾರ ಮಧ್ಯಾಹ್ನದ ಊಟ ಅವರದು ಇಲ್ಲೇ. ಎಪ್ಪತ್ತನಾಲ್ಕು ವರ್ಷ, ಎದ್ದುಕಾಣುವ ಹ್ಯಾಟು, ಯಾರನ್ನೂ ಸುಲಭಕ್ಕೆ ನಂಬದ ಕಣ್ಣು. ಮೇಜಿನ ಮೇಲೆ ಬ್ರೆಡ್ಡೂ ಇಲ್ಲ, ಚೀಸೂ ಇಲ್ಲ, ಸೊಸೆ ಕಾಗದಗಳ ನಡುವೆ. ಅವರು ತಾವೇ ಅಡುಗೆಮನೆಗೆ ಹೋಗಿ ಎರಡು ತಟ್ಟೆ ತಂದಿಟ್ಟು, ವಿಷಯ ಏನೆಂದು ಕೇಳಿದರು. ಅಲೈಡಾ ಹೇಳಿದಳು. ಮುದುಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಎಲ್ಲ ಕೇಳಿಸಿಕೊಂಡರು.

"ಅಂದ್ರೆ ನಿನ್ನ ಮೆಷಿನ್ನು ದಡ್ಡ," ಎಂದರು.

"ದಡ್ಡ ಅಲ್ಲ ಅತ್ತೆ. ನೆನಪು ಜಾಸ್ತಿ."

"ನಮ್ಮ ಮನೆಯವರಿಗೂ ಹಂಗೇ ಇತ್ತು. ನಲವತ್ತು ವರ್ಷ ಒಂದೇ ಜೋಕು."

ಅಲೈಡಾಳಿಗೆ ನಗು ಬಂತು. ಮುಂದಿನ ಪರೀಕ್ಷೆಗೆ ಅಂಕಿಗಳನ್ನು ಬರೆದುಕೊಳ್ಳಬೇಕಿತ್ತು, ಕೈ ಬಿಡುವಿರಲಿಲ್ಲ. ಮೂರನ್ನು ಒತ್ತಿ ಅತ್ತೆ, ಎಂದಳು. ಗೆಸೀನಾ ಬೆರಳು ಚಾಚಿದರು. ಬೆರಳು ಕೀಲಿಯ ಮೇಲೆ ಒಂದಂಗುಲ ದೂರದಲ್ಲಿ ನಿಂತಿತು. ಇದಾ ಎಂದು ಕೇಳಿದರು. ಹೂಂ ಅಂದಳು. ಗಟ್ಟಿಯಾಗಿ ಒತ್ತಬೇಕಾ ಎಂದರು. ಸುಮ್ಮನೆ ಒತ್ತಿ ಅಂದಳು. ಬೆರಳು ಇಳಿಯಿತು, ಮತ್ತೆ ಮೇಲೆ ಹೋಯಿತು, ಕನ್ನಡಕ ಸರಿಮಾಡಿಕೊಂಡು ಮತ್ತೆ ಬಂತು.

ಅಲೈಡಾ ಅವರ ಬೆರಳನ್ನೇ ನೋಡುತ್ತಿದ್ದಳು. ಎಲ್ಲರ ಬೆರಳನ್ನೂ ಅವಳು ನೋಡಿದ್ದಳು. ಭಾನುವಾರ ಹಾರ್ಮೆನ್ ತಾನು ಓಡಿಸುವ ಬಸ್ಸಿನ ಹಾರ್ನ್ ಒತ್ತಿದ ಹಾಗೆ ಗುದ್ದಿದ್ದ. ವೋಲ್ಟರ್ ತಮಾಷೆಗೆ ಕಣ್ಣು ಮುಚ್ಚಿಕೊಂಡು ಒತ್ತಿದ್ದ. ಅತ್ತೆಗೆ ಹೀಗೆ ಒಂದು ಯುಗ. ಇಬ್ಬರು ಮನುಷ್ಯರು ಒಂದೇ ಹೊತ್ತು ಕಾಯುವುದಿಲ್ಲ, ಒಬ್ಬನೇ ಮನುಷ್ಯ ಎರಡು ಸಲ ಒಂದೇ ಹೊತ್ತು ಕಾಯುವುದಿಲ್ಲ. ಆ ಕಾಯುವ ಹೊತ್ತಿನಲ್ಲಿ ಯಂತ್ರ ಸುಮ್ಮನೆ ಕೂರುವುದೇಕೆ? ತನ್ನ ಪಟ್ಟಿಯಿಂದ ಅಂಕಿಗಳನ್ನು ಒಂದರ ಹಿಂದೊಂದು ತೆಗೆದು ಎಸೆಯುತ್ತಿರಲಿ, ಸೆಕೆಂಡಿಗೆ ಹತ್ತಾರು. ಕೀಲಿ ಬಿದ್ದ ಕ್ಷಣ ಎಲ್ಲಿದೆಯೋ ಅಲ್ಲಿಂದ ಚೀಟಿ ಶುರುವಾಗಲಿ.

"ಒತ್ತಲಾ?" ಎಂದರು ಗೆಸೀನಾ.

"ಬೇಡ, ಹಾಗೇ ಇರಿ. ಅತ್ತೆ, ನೀವು ದೇವರು."

"ಹುಚ್ಚು ಗಿಚ್ಚು ಹಿಡೀತಾ ನಿಂಗೆ?" ಎಂದರು, ಬೆರಳನ್ನು ಮಾತ್ರ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು.

ಮೂರು ಸಾಲು ಸಾಕಾಯಿತು. ಹೆಸರುಗಳೆಲ್ಲ ಮುಗಿದ ಮೇಲೆ ತೆರೆಯ ಮೇಲೆ ಒಂದು ವಾಕ್ಯ: ಮನೆಯ ಹಿರಿಯರು ಯಾವುದಾದರೂ ಕೀಲಿ ಒತ್ತಲಿ. ಆಮೇಲೆ ಕೀಲಿ ಬೀಳುವವರೆಗೆ ಅಂಕಿ ಎಸೆಯುವ ಸುತ್ತು. ಆಮೇಲೆ ಚೀಟಿ. ಕ್ಯಾಸೆಟ್ಟಿಗೆ ಹಾಕಿ, ಯಂತ್ರ ಆರಿಸಿ, ತುಂಬಿಸಿ, ಅತ್ತೆಯಿಂದಲೇ ಒತ್ತಿಸಿದಳು. ಮೂರನೆಯವರಿಗೆ ಮೊದಲನೆಯವರು ಬಂದರು. ಮತ್ತೆ ಆರಿಸಿ ತುಂಬಿಸಿದಾಗ ಐದನೆಯವರು. ಮೇಜಿನ ಮೇಲಿನ ಬ್ರೆಡ್ಡು ಒಣಗಿತ್ತು, ಅತ್ತೆ ಅದನ್ನು ಎತ್ತಿ ಸೊಸೆಯ ಬಾಯಿಗೇ ಇಟ್ಟರು.

ಎರಡಕ್ಕೆ ಟೆಂಗ್ನಾಗೆಲ್ ಸಿಕ್ಕಿದರು. ಅಲೈಡಾ ಹೇಳಬೇಕಾದ್ದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದಳು, ಅದನ್ನೇ ನೋಡಿಕೊಂಡು ಓದಿದಳು. ಅತ್ತಲಿಂದ ಬಂದಿದ್ದು ಬೈಗುಳವಲ್ಲ, ಸಿಳ್ಳು.

"ನಾವು ನಾಲ್ಕು ಜನ ಒಂದು ವಾರ ನೋಡಿದೀವಿ ಮೇಡಂ ಇದನ್ನ. ಒಬ್ರಿಗೂ ಹೊಳೀಲಿಲ್ಲ. ಹೇಳಿ, ಪೆನ್ನು ಹಿಡಿದಿದೀನಿ."

ಅವಳು ಮೂರು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು. ಅವರು ತಿರುಗಿ ಓದಿದರು. ಅವರ ಕೋಣೆಯಲ್ಲಿ ನಾಲ್ಕು ಕಂಪನಿಯ ನಾಲ್ಕು ಯಂತ್ರಗಳಿದ್ದವು, ನಾಲ್ಕರಲ್ಲೂ ಓಡಬೇಕು. ಐದು ಗಂಟೆಗೆ ಟೇಪು ಮೇಲಿನ ಮಹಡಿಯ ಸ್ಟುಡಿಯೋಗೆ ಹೋಗಲೇಬೇಕು ಎಂದರು. ಆಗದಿದ್ದರೆ ಬೇರೊಬ್ಬರ ಪ್ರೋಗ್ರಾಂ ತಯಾರಿದೆ, ಗ್ರಹಗಳ ಬಗ್ಗೆ ಏನೋ ಒಂದು. ಅಲೈಡಾಳದನ್ನು ಮುಂದಿನ ವರ್ಷ ನೋಡಬಹುದು. ಸಿಂಟರ್‌ಕ್ಲಾಸ್ ಹಬ್ಬ ಕಳೆದ ಮೇಲೆ ಚೀಟಿಯ ಪ್ರೋಗ್ರಾಂ ಯಾರಿಗೆ ಬೇಕು ಎಂದು ಇಬ್ಬರಿಗೂ ಗೊತ್ತಿತ್ತು.

ಮೂರೂಕಾಲಿಗೆ ಫೋನ್ ಹೊಡೆದುಕೊಂಡಿತು. ಮೂರು ಯಂತ್ರಗಳಲ್ಲಿ ಚೆನ್ನಾಗಿದೆಯಂತೆ. ನಾಲ್ಕನೆಯದರಲ್ಲಿ ಹಳೇ ಕಥೆಯೇ. ಎಷ್ಟು ಸಲ ಆರಿಸಿ ಹಾಕಿದರೂ ಮೂರನೆಯವರಿಗೆ ಎರಡನೆಯವರು.

"ಒತ್ತಿ ಅಂತ ಬರುತ್ತಲ್ಲ, ಆಗ ಅದು ಕಾಯ್ತಿದೆಯಾ?" ಎಂದು ಕೇಳಿದಳು ಅಲೈಡಾ.

ಅವರು ನೋಡಿ ಹೇಳಿದರು. ಕಾಯುತ್ತಿಲ್ಲ. ವಾಕ್ಯ ಬಂದ ತಕ್ಷಣ ತಾನೇ ಮುಂದೆ ಹೋಗುತ್ತಿದೆ.

ಅಲೈಡಾ ಕಣ್ಣು ಮುಚ್ಚಿದಳು. ಬಾಗಿಲಿಗೆ ಬೀಗ ಹಾಕಿಯೂ ಮತ್ತೆ ಹೋಗಿ ಎಳೆದು ನೋಡುವವಳು ಅವಳು. ಒಂದೊಂದು ಹೆಜ್ಜೆಯನ್ನೂ ತಾನೇ ನಡೆದಂತೆ ನೋಡಿದಳು. ಏಳನೇ ಹೆಸರು ಟೈಪ್ ಆಯಿತು. ಮುಗಿಯಿತೆಂದು ತಿಳಿಸುವ ಕೀಲಿ ಬಿತ್ತು. ಜನ ಅದನ್ನು ಮೆಲ್ಲಗೆ ಒತ್ತಿ ಬಿಡುವುದಿಲ್ಲ, ಸ್ವಲ್ಪ ಹೊತ್ತು ಅದುಮಿ ಹಿಡಿಯುತ್ತಾರೆ. ಆ ಯಂತ್ರ ಹೆಚ್ಚಿನ ಒತ್ತನ್ನೂ ಕಳೆದುಕೊಳ್ಳದೆ ಬಾಗಿಲ ಬಳಿ ಇಟ್ಟುಕೊಂಡಿರಬೇಕು, ಬಂದ ಕಾಗದವನ್ನು ಅಂಚೆಪೆಟ್ಟಿಗೆಯಲ್ಲಿ ಇಟ್ಟುಕೊಂಡಂತೆ. ಯಾವುದಾದರೂ ಕೀಲಿ ಒತ್ತಿ ಎಂದ ಕೂಡಲೇ, ಇಗೋ ಬಂದಿದೆಯಲ್ಲ ಎಂದು ಅದನ್ನೇ ತೆಗೆದುಕೊಂಡುಬಿಡುತ್ತದೆ.

"ಅದ್ರ ಹೊಟ್ಟೇಲಿ ಹಳೇ ಒತ್ತು ಉಳ್ಕೊಂಡಿದೆ," ಎಂದಳು. "ಮೊದಲು ಅದನ್ನ ಖಾಲಿ ಮಾಡ್ಬೇಕು. ಏನೂ ಇಲ್ಲ ಅನ್ನೋವರೆಗೆ ತೆಗೆದು ಎಸೀಬೇಕು, ಆಮೇಲೆ ಕಾಯೋಕೆ ಶುರು. ಒಂದೇ ಸಾಲು. ಬರ್ಕೊಳ್ತೀರಾ?"

"ಬೇಗ ಹೇಳಿ," ಎಂದರು ಟೆಂಗ್ನಾಗೆಲ್. ಅವರ ದನಿಯೂ ಏರಿತ್ತು.

ಹೇಳಿದಳು. ಬರೆದುಕೊಂಡರು. ಮತ್ತೆ ಫೋನ್ ಮಾಡಲು ತಮಗೆ ಪುರುಸೊತ್ತಿರುವುದಿಲ್ಲ, ನಾಲ್ಕರಲ್ಲೂ ಓಡಿದರೆ ರೇಡಿಯೋದಲ್ಲಿ ನಿಮ್ಮ ಹೆಸರು ಬರುತ್ತದೆ, ಇಲ್ಲವಾದರೆ ಗ್ರಹಗಳು ಬರುತ್ತವೆ ಎಂದು ಫೋನ್ ಇಟ್ಟುಬಿಟ್ಟರು.

ಅಲ್ಲಿಂದ ಐದೂ ನಲವತ್ತರವರೆಗೆ ಅಲೈಡಾ ಮಾಡಿದ ಕೆಲಸಗಳಿಗೆ ಲೆಕ್ಕವಿಲ್ಲ. ಆಲೂಗಡ್ಡೆ ಸಿಪ್ಪೆ ತೆಗೆದಳು, ಹತ್ತು ಜನಕ್ಕಾಗುವಷ್ಟು. ಆ ಒಂದು ಸಾಲನ್ನು ಕಾಗದದ ಮೇಲೆ ಹದಿನೈದು ಸಲ ಓದಿದಳು. ಒಂದು ಚಿಹ್ನೆಯನ್ನು ಫೋನಿನಲ್ಲಿ ಹೇಳಿದೆನೋ ಇಲ್ಲವೋ ಎಂಬ ಸಂಶಯ ಹೊಕ್ಕಿತು, ಹೇಳಿದ್ದೀಯ, ನಾನೇ ಕೇಳಿದೆ ಎಂದು ಅತ್ತೆ ಅಡ್ಡಗೋಡೆಯ ಆಚೆಯಿಂದ ಸಾಕ್ಷಿ ನುಡಿದರು. ಅವರಿಗೆ ಆ ಚಿಹ್ನೆ ಯಾವುದೆಂದೇ ಗೊತ್ತಿರಲಿಲ್ಲ. ಐದಕ್ಕೆ ಹಾರ್ಮೆನ್ ಬಸ್ಸು ಡಿಪೋಗೆ ಬಿಟ್ಟು ಬಂದ. ಬೆಳಿಗ್ಗೆಯಿಂದ ನಡೆದದ್ದೆಲ್ಲವನ್ನೂ ಅವನ ತಾಯಿ ಅವನಿಗೆ ಒಂದೇ ಉಸಿರಿಗೆ ವರದಿ ಮಾಡಿದರು, ತಮ್ಮ ಬೆರಳಿನ ಪಾತ್ರವನ್ನು ಸ್ವಲ್ಪ ಉದ್ದಮಾಡಿ. ಇವತ್ತು ಬಸ್ಸಿನಲ್ಲಿ ಮೂವರು ಹುಡುಗರು ಖಾಲಿ ಕ್ಯಾಸೆಟ್ ಹಿಡಿದುಕೊಂಡು ಹೋಗುತ್ತಿದ್ದರು ಎಂದ ಹಾರ್ಮೆನ್. ಅದು ಅವಳಿಗೆ ಧೈರ್ಯ ತುಂಬಲು ಹೇಳಿದ್ದು, ಅವಳು ಮಾತ್ರ ಆ ಸಾಲನ್ನು ಹದಿನಾರನೇ ಸಲ ಓದಿದಳು.

ಐದೂ ಮೂವತ್ತೈದಕ್ಕೆ ಫ್ರೌಕ್ಯೆಯೂ ಬಂದಳು. ರೇಡಿಯೋದ ಪಕ್ಕದಲ್ಲಿ ಕ್ಯಾಸೆಟ್ ರೆಕಾರ್ಡರ್. ಅಲೈಡಾಳ ಬೆರಳು ಕೆಂಪು ಗುಂಡಿಯ ಮೇಲೆ.

ನಿರೂಪಕ ಮೊದಲು ಕೇಳುಗರ ಪತ್ರಗಳನ್ನು ಓದಿದ. ಯಾರದೋ ಪ್ರಿಂಟರ್ ಶಾಯಿ ಕಾರುವ ಕಥೆ. ಆಮೇಲೆ ಹೊಸ ಪುಸ್ತಕವೊಂದರ ಬಗ್ಗೆ ಇನ್ನಿಲ್ಲದಷ್ಟು ನಿಧಾನವಾಗಿ ಮಾತಾಡಿದ. ಈ ವಾರದ ಪ್ರೋಗ್ರಾಂ, ಎಂದ. ಕೆಮ್ಮಿದ. ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದ. ಗೆಸೀನಾ ಅವನ ಹುಟ್ಟಿನ ಬಗ್ಗೆ ಒಂದು ಮಾತು ಹೇಳಿದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಈ ವಾರದ ಪ್ರೋಗ್ರಾಂ ಕಾಂಪೆನ್ ಊರಿನಿಂದ. ಬರೆದವರು ಅಲೈಡಾ ಸ್ಟೆಗೆಮಾನ್."

ಮನೆಯಲ್ಲಿ ಯಾರೂ ಕೂಗಲಿಲ್ಲ. ಕೂಗಿದರೆ ಧ್ವನಿಮುದ್ರಣ ಕೆಡುತ್ತದೆಂದು ಎಲ್ಲರಿಗೂ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು. ಹಾರ್ಮೆನ್ ಬಾಯಿ ಮುಚ್ಚಿಕೊಂಡೇ ಎರಡೂ ಕೈ ಮೇಲೆತ್ತಿದ. ಫ್ರೌಕ್ಯೆ ಕೆನ್ನೆ ಊದಿಸಿಕೊಂಡು ಕೆಂಪಾದಳು. ಕಿರಿಚಾಟ ಶುರುವಾಯಿತು, ಏಳು ನಿಮಿಷ, ಕಿವಿ ಕೊರೆಯುವ ಏರುಪೇರಿಲ್ಲದ ಶಬ್ದ. ಅದರೊಳಗೆ ಎಲ್ಲೋ ತಾನು ಮಧ್ಯಾಹ್ನ ಹೇಳಿದ ಒಂದು ಸಾಲು ಹಾದುಹೋಗುತ್ತಿದೆ, ಇದೇ ಕ್ಷಣ ದೇಶದ ಉತ್ತರ ತುದಿಯ ಗ್ರೋನಿಂಗೆನ್‌ನಲ್ಲೂ ದಕ್ಷಿಣ ತುದಿಯ ಮಾಸ್ಟ್ರಿಖ್ಟ್‌ನಲ್ಲೂ ಗೊತ್ತಿಲ್ಲದ ಜನ ಉಸಿರು ಬಿಗಿಹಿಡಿದು ಅದನ್ನು ಹಿಡಿಯುತ್ತಿದ್ದಾರೆ ಎಂದು ಅಲೈಡಾ ಯೋಚಿಸಿದಳು. ತನ್ನ ಜೀವಮಾನದಲ್ಲಿ ಇಷ್ಟು ಚಂದದ ಶಬ್ದ ಕೇಳಿಲ್ಲ ಅನ್ನಿಸಿತು.

ಹಿಡಿದ ಕ್ಯಾಸೆಟ್ಟನ್ನು ತುಂಬಿಸಿ ನೋಡಿದಾಗ ಮೂರನೆಯವರಿಗೆ ಏಳನೆಯವರು ಬಂದರು, ಆರಿಸಿ ಮತ್ತೆ ತುಂಬಿಸಿದಾಗ ನಾಲ್ಕನೆಯವರು. ಆಗ ಮನೆಯವರು ಮನಸಾರೆ ಕೂಗಿದರು. ಹಾಗಾದರೆ ಭಾನುವಾರದ ಚೀಟಿ ಮತ್ತೆ ಎತ್ತಬೇಕಾ ಎಂದು ಹಾರ್ಮೆನ್ ಕೇಳಿದ್ದಕ್ಕೆ ಅವನ ತಾಯಿ, ನಾನು ಆಗಲೇ ಹನ್ನೆರಡು ಸಾಲು ಪದ್ಯ ಬರೆದಾಗಿದೆ, ಎತ್ತುವವರು ನನ್ನ ಹೆಣದ ಮೇಲೆ ಎತ್ತಲಿ ಎಂದುಬಿಟ್ಟರು.

ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಕರಾವಳಿಯ ಝೀಲಾಂಡ್ ಕಡೆಯ ದನಿ, ಬಾಸ್ಟಿಯಾನ್ಸೆ ಎಂಬ ರೈತ. ಹೆಸರನ್ನು ರೇಡಿಯೋದಲ್ಲಿ ಕೇಳಿ, ಟೆಲಿಫೋನ್ ವಿಚಾರಣೆಯವರಿಗೆ ಫೋನ್ ಮಾಡಿ, ನಂಬರ್ ಪಡೆದಿದ್ದನಂತೆ. ಊಟದ ಹೊತ್ತಿನಲ್ಲಿ ತೊಂದರೆ ಕೊಟ್ಟಿದ್ದಕ್ಕೆ ಮೂರು ಸಲ ಕ್ಷಮೆ ಕೇಳಿದ.

"ನಿಮ್ ಪ್ರೋಗ್ರಾಂ ಬಾಳ ಚೆನ್ನಾಗೈತೆ ಮೇಡಂ. ಆದ್ರೆ ಹದಿನಾರನೇ ಹೆಸರು ಕೊಟ್ರೆ ತಪ್ಪು ಅಂತ ಹೇಳಿ ನಿಂತ್ಬಿಡ್ತೈತೆ."

ಹದಿನೈದು ಜನಕ್ಕಿಂತ ದೊಡ್ಡ ಮನೆ ಇರಬಹುದೆಂದು ಅಲೈಡಾ ಯೋಚಿಸಿಯೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು.

"ಹತ್ತೊಂಬತ್ತು. ನಮ್ ತಂಗೀದು ಇನ್ನೊಂದು ಕೂಸು ಜನವರಿಗೈತೆ, ಅದು ಈ ವರ್ಷಕ್ಕಿಲ್ಲ ಬಿಡಿ."

ಅವನ ಹಿಂದೆ ಆ ಹತ್ತೊಂಬತ್ತೂ ಜನ ಒಟ್ಟಿಗೆ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಯಾರೋ ಯಾರನ್ನೋ ಟಿವಿಯ ಮುಂದಿನಿಂದ ಎಬ್ಬಿಸುತ್ತಿದ್ದರು. ಅಲೈಡಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹಾರ್ಮೆನ್ ಪೆನ್ಸಿಲ್ ಎತ್ತಿ ಅವಳ ಕೈಗೆ ಕೊಟ್ಟ.

"ಫೋನಿನ ತಂತಿ ಕಂಪ್ಯೂಟರ್ ತನಕ ಬರುತ್ತಾ?" ಎಂದು ಕೇಳಿದಳು. "ಬರುತ್ತೆ ಅಂದ್ರೆ ಅದ್ರ ಮುಂದೆ ಕೂತ್ಕೊಳ್ಳಿ. ಸಾವಿರದ ನಲವತ್ತನೇ ಸಾಲು ತೆರೆ ಮೇಲೆ ತನ್ನಿ. ಅದ್ರಲ್ಲಿ ಹದಿನೈದು ಅಂತ ಇದೆ ನೋಡಿ, ಸಿಕ್ತಾ?"

ಸಿಕ್ಕಿತು ಎಂದ. ಅದನ್ನು ಇಪ್ಪತ್ತೈದು ಮಾಡಿ ಎಂದಳು. ಅವನು ಒಂದೊಂದು ಕೀಲಿಯನ್ನೂ ಹೇಳಿಕೊಂಡು ಒತ್ತಿದ. ಈಗ ಓಡಿಸಿ ಎಂದಳು. ಹತ್ತೊಂಬತ್ತು ಹೆಸರುಗಳನ್ನು ಮತ್ತೆ ಕೊಡಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅವಳು ಫೋನ್ ಇಡಲಿಲ್ಲ, ಆಲೂಗಡ್ಡೆ ಆರುತ್ತಾ ಇತ್ತು. ಹದಿನಾರು ದಾಟಿತು, ಹದಿನೇಳು ದಾಟಿತು. ಕೊನೆಗೆ, ಹಿರಿಯರು ಒತ್ತಬೇಕಂತೆ, ಅಜ್ಜೀನ ಕರ್ಕೊಂಡು ಬನ್ರೋ ಎಂದು ಅವನು ಕೂಗಿದ್ದು ಕೇಳಿಸಿತು, ಕುರ್ಚಿ ಎಳೆದ ಸದ್ದು, ನಗು, ಆಮೇಲೆ ಇದಾ ಎಂದು ಕೇಳುವ ಅಜ್ಜಿಯ ದನಿ.